ಗುಚ್ಛದ ಬೆಳಕಲ್ಲಿ ಮಾದರಿಯ ಪರೀಕ್ಷೆ ಹೇಗೆ?

ದೂರದ ಗ್ಯಾಲಕ್ಸಿಯ ನಕ್ಷತ್ರಗಳನ್ನು ಒಂದೊಂದಾಗಿ ನೋಡಲು ಆಗುವುದಿಲ್ಲ. ನಮಗೆ ಸಿಗುವುದು ಎಲ್ಲವೂ ಬೆರೆತ ಬೆಳಕು. ಅದರಿಂದ ನಕ್ಷತ್ರಗಳ ವಯಸ್ಸು, ಲೋಹಾಂಶ (ಹೀಲಿಯಂಗಿಂತ ಭಾರದ ಧಾತುಗಳ ಪಾಲು) ಹೇಳಲು ಮಾದರಿ ಬೇಕು, ಅಂದರೆ ಇಂಥ ವಯಸ್ಸು, ಇಂಥ ಲೋಹಾಂಶ ಇದ್ದರೆ ಬೆರೆತ ಬೆಳಕು ಹೇಗಿರುತ್ತದೆ ಅನ್ನುವ ಲೆಕ್ಕ. ಆ ಮಾದರಿಯನ್ನು ನಂಬಬಹುದೇ? ಹತ್ತಿರದ ನಕ್ಷತ್ರ ಗುಚ್ಛಗಳಲ್ಲಿ ಪರೀಕ್ಷಿಸಿ ನೋಡಬೇಕು. ಅಲ್ಲಿ ಬಿಡಿ ನಕ್ಷತ್ರಗಳ ಬಣ್ಣ, ಹೊಳಪು ಅಳೆದು ವಯಸ್ಸನ್ನು ಬೇರೆ ದಾರಿಯಲ್ಲೇ ಲೆಕ್ಕ ಹಾಕಿರುತ್ತಾರೆ.

ಮೊದಲು ಗುಚ್ಛ ಆರಿಸಿ. 47 ಟುಕಾನೆಯಿಂದಲೇ ಶುರು ಮಾಡಿ. ದೊಡ್ಡದು, ಹಳೆಯದು, ಚೆನ್ನಾಗಿ ಅಳೆದಿರುವಂಥದ್ದು. ಒಮೆಗಾ ಸೆಂಟಾರಿ ಬೇಡ, ಅದರ ನಕ್ಷತ್ರಗಳ ಲೋಹಾಂಶ ಒಂದೇ ಸಮ ಇಲ್ಲ. ತೀರಾ ಚಿಕ್ಕ ಗುಚ್ಛವೂ ಬೇಡ. ಅಲ್ಲಿ ನಾಲ್ಕಾರು ಕೆಂಪು ದೈತ್ಯಗಳೇ (ವಯಸ್ಸಾಗಿ ಉಬ್ಬಿ ಹೊಳೆಯುವ ನಕ್ಷತ್ರಗಳು) ಬೆಳಕನ್ನೆಲ್ಲ ಆಳುತ್ತವೆ, ಮಾದರಿ ಹೇಳುವುದೋ ಸರಾಸರಿಯನ್ನು.

ರೋಹಿತ, ಅಂದರೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ, ತೆಗೆಯುವಾಗ ಉಪಕರಣಕ್ಕೆ ಬೆಳಕು ಬಿಡುವ ಸೀಳುಗಂಡಿಯನ್ನು ಗುಚ್ಛದ ನಡುಭಾಗದ ಮೇಲೆ ಸರಿಸುತ್ತಾ ಹೋಗಿ. ಆಕಾಶದ ಬೆಳಕನ್ನು ಕಳೆಯಿರಿ. ಮಾದರಿಯ ರೋಹಿತವನ್ನೂ ನಿಮ್ಮ ಉಪಕರಣ ಎಷ್ಟು ಸೂಕ್ಷ್ಮವಾಗಿ ಬಿಡಿಸಿ ತೋರಿಸುತ್ತದೋ ಅಷ್ಟಕ್ಕೇ ಇಳಿಸಿ.

ಈಗ ಮಾದರಿಯನ್ನು ನಿಮ್ಮ ರೋಹಿತಕ್ಕೆ ಹೊಂದಿಸಿ ನೋಡಿ. ಗೊತ್ತಿರುವ ವಯಸ್ಸನ್ನು ಮೊದಲೇ ನೋಡಬೇಡಿ. ವಿಶ್ವದ ವಯಸ್ಸು 1380 ಕೋಟಿ ವರ್ಷ ಅಂತ ಅಲ್ಲಿಗೇ ಮಿತಿ ಹಾಕುವವರಿದ್ದಾರೆ. ಅದು ಕೆಟ್ಟ ಅಡ್ಡದಾರಿ. ಉತ್ತರ 1700 ಕೋಟಿ ಬಂದರೆ ಬರಲಿ, ಮಾದರಿಯ ದೋಷ ಕಾಣುವುದೇ ಅಲ್ಲಿ.

ಬರೀ ಬಣ್ಣ ನೋಡಿ ವಯಸ್ಸು ಹೇಳುವುದನ್ನಂತೂ ಬಿಟ್ಟುಬಿಡಿ. ವಯಸ್ಸು ಜಾಸ್ತಿಯಾದರೂ ಬೆಳಕು ಕೆಂಪಾಗುತ್ತದೆ, ಲೋಹ ಜಾಸ್ತಿಯಾದರೂ ಕೆಂಪಾಗುತ್ತದೆ. ಎರಡನ್ನೂ ಬೇರೆ ಮಾಡಲು ರೋಹಿತದಲ್ಲಿ ಹೈಡ್ರೋಜನ್ ಬೆಳಕು ಹೀರಿ ಮೂಡಿಸುವ ಕಪ್ಪು ಗೆರೆಗಳು ಬೇಕು, ಮುಖ್ಯವಾಗಿ 486 ನ್ಯಾನೋಮೀಟರಿನ ಎಚ್-ಬೀಟಾ. ಬಹಳ ಜನ ಎಡವುವುದು ಇಲ್ಲೇ. ಗೆರೆ ಗಾಢವಾಗಿದ್ದರೆ ಬಿಸಿ ನಕ್ಷತ್ರಗಳಿವೆ, ಹಾಗಾಗಿ ಗುಚ್ಛ ಎಳೆಯದು ಅಂತ ಮಾದರಿ ಹೇಳುತ್ತದೆ. ಆದರೆ ಹಳೆಯ ಗುಚ್ಛದಲ್ಲೂ ಬಿಸಿ ನಕ್ಷತ್ರ ಇರಬಹುದು ಅಲ್ವಾ? ಕೆಂಪು ದೈತ್ಯದ ಹಂತ ದಾಟಿ, ಒಡಲಲ್ಲಿ ಹೀಲಿಯಂ ಉರಿಸುವ ನಕ್ಷತ್ರಗಳು ಕೆಲವು ಗುಚ್ಛಗಳಲ್ಲಿ ನೀಲಿಯಾಗಿರುತ್ತವೆ. ಎಂ3 ಮತ್ತು ಎಂ13 ಗುಚ್ಛಗಳ ಲೋಹಾಂಶ ಹೆಚ್ಚುಕಡಿಮೆ ಒಂದೇ. ಎಂ13ರಲ್ಲಿ ಈ ನಕ್ಷತ್ರಗಳು ಬಹುಪಾಲು ನೀಲಿ, ಎಂ3ರಲ್ಲಿ ನೀಲಿ ಕೆಂಪು ಎರಡೂ ಇವೆ. ಎನ್‌ಜಿಸಿ 6388 ಗುಚ್ಛದಲ್ಲಿ ಲೋಹ ಹೇರಳವಾಗಿದ್ದರೂ ನೀಲಿ ನಕ್ಷತ್ರಗಳಿವೆ. ಲೋಹಾಂಶ ಒಂದನ್ನೇ ನಂಬಿ ಅವುಗಳ ಬಣ್ಣ ಊಹಿಸುವ ಮಾದರಿ ಇಲ್ಲಿ ಸೋಲುತ್ತದೆ.

ಹಾಗಾಗಿ 410 ನ್ಯಾನೋಮೀಟರಿನ ಎಚ್-ಡೆಲ್ಟಾ ಅನ್ನುವ ಇನ್ನೊಂದು ಹೈಡ್ರೋಜನ್ ಗೆರೆಯನ್ನೂ ಅಳೆಯಿರಿ. ರೋಹಿತದ ಆ ನೀಲಿ ತುದಿಯ ಬೆಳಕಲ್ಲಿ ನೀಲಿ ನಕ್ಷತ್ರಗಳ ಪಾಲು ಹೆಚ್ಚು. ಎಚ್-ಡೆಲ್ಟಾ ಕೊಡುವ ವಯಸ್ಸು ಎಚ್-ಬೀಟಾದ್ದಕ್ಕಿಂತ ಕಡಿಮೆ ಬಂದರೆ ಈ ನೀಲಿ ನಕ್ಷತ್ರಗಳ ಮೇಲೆ ಅನುಮಾನ ಪಡಿ. ಬಿಡಿ ನಕ್ಷತ್ರಗಳ ಬಣ್ಣ-ಹೊಳಪಿನ ನಕ್ಷೆ ತೆಗೆದು, ನೀಲಿಯವನ್ನು ಎಣಿಸಿ, ಅವುಗಳ ಬೆಳಕನ್ನು ಮಾದರಿಗೆ ಸೇರಿಸಿ ಮತ್ತೆ ಹೊಂದಿಸಿ.

ಒಟ್ಟು ಹೊಂದಾಣಿಕೆ ಚೆನ್ನಾಗಿದೆ ಅಂತ ಸುಮ್ನೆ ಅಲ್ಲಿಗೇ ನಿಲ್ಲಿಸಬೇಡಿ. ಉಳಿದ ವ್ಯತ್ಯಾಸವನ್ನು ಗೆರೆಗೆರೆಯಾಗಿ ನೋಡಿ. ಹಳೆಯ ಗುಚ್ಛಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಷಿಯಂ ಸೂರ್ಯನಲ್ಲಿರುವುದಕ್ಕಿಂತ ಹೆಚ್ಚು. ಮಾದರಿ ಇದನ್ನು ಲೆಕ್ಕಕ್ಕೆ ತೆಗೆದುಕೊಂಡಿರದಿದ್ದರೆ ಮೆಗ್ನೀಷಿಯಂ ಗೆರೆಗಳಿರುವ 517 ನ್ಯಾನೋಮೀಟರಿನ ಆಸುಪಾಸಿನಲ್ಲಿ ತಪ್ಪು ಎದ್ದು ಕಾಣುತ್ತದೆ.