ಪಕ್ಕದ ಮನೆಯ ಹಪ್ಪಳಕ್ಕೆ ಸಾಲ ಕೊಡಿಸುವುದು ಹೇಗೆ?

ಹಲಸಿನ ಹಪ್ಪಳ ಮಾಡುವ ನಮ್ಮ ಪಕ್ಕದ ಮನೆಯ ಸಾಬರ ಅಕ್ಕನ ಅರ್ಜಿ ಬ್ಯಾಂಕಿನಿಂದ ವಾಪಸ್ ಬಂತು. ಫೈಲ್ ತೆಗೆದು ನೋಡಿದೆ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮೂರು ಕಡೆ ‘ಅಡಿಕೆ ಹಾಳೆ’ ಅಂತಿತ್ತು! ಹಾಳೆ ತಟ್ಟೆಯವರ ರಿಪೋರ್ಟಿಗೆ ಸೈಬರ್ ಸೆಂಟರಿನವನು ಅಕ್ಕನ ಹೆಸರು ಅಂಟಿಸಿದ್ದ. ಇದಕ್ಕೆ ದುಡ್ಡು ಬೇರೆ.

ಮೊದಲು ಯೋಜನೆ ಆರಿಸಿ. ಹೊಸ ಘಟಕಕ್ಕೆ ಪಿಎಂಇಜಿಪಿ (ಸಬ್ಸಿಡಿ ಜೊತೆ ಬ್ಯಾಂಕ್ ಸಾಲ ಕೊಡಿಸುವ ಕೇಂದ್ರ ಸರ್ಕಾರದ ಯೋಜನೆ) ಒಳ್ಳೆಯದು. ಮುಸ್ಲಿಂ, ಕ್ರೈಸ್ತ, ಜೈನರಂಥ ಅಲ್ಪಸಂಖ್ಯಾತರಿಗೆ ಹಳ್ಳಿಯಲ್ಲಾದರೆ ಶೇ 35, ಪೇಟೆಯಲ್ಲಾದರೆ ಶೇ 25 ಸಬ್ಸಿಡಿ. ಕೈಯಿಂದ ಹಾಕಬೇಕಾದದ್ದು ಶೇ 5. ಅಂದರೆ 4 ಲಕ್ಷದ ಘಟಕಕ್ಕೆ 20,000 ರೂಪಾಯಿ. ಸಬ್ಸಿಡಿ ಕೈಗೆ ಬರುತ್ತದೆ ಅಂತ ಕಾಯಬೇಡಿ. ಅದು 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತು, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ.

ಆಧಾರ್, ಪ್ಯಾನ್, ನಾಡಕಚೇರಿಯಿಂದ ಅಲ್ಪಸಂಖ್ಯಾತರ ಪ್ರಮಾಣಪತ್ರ, ಪಂಚಾಯ್ತಿಯಿಂದ ಗ್ರಾಮೀಣ ಪ್ರದೇಶದ ಪತ್ರ: ಇದು ಒಂದು ವಾರದ ಓಡಾಟ, ಅಷ್ಟೇ.

ಎಡವುವುದು ರಿಪೋರ್ಟಿನಲ್ಲಿ. ಅಕ್ಕನ ಅಡುಗೆಮನೆಯಲ್ಲೇ ಕೂತು ಬರೆಯಿರಿ. ಒಂದು ಹಲಸಿಗೆ ಎಷ್ಟು ಹಪ್ಪಳ? ತೊಳೆ ಬಿಡಿಸಲು ಎಷ್ಟು ಜನ, ಎಷ್ಟು ಕೂಲಿ? ಬೇಯಿಸಲು ಎಷ್ಟು ಸೌದೆ? ನಾವು ಕೇಳುತ್ತಾ ಹೋದ ಹಾಗೆ, ಎಣ್ಣೆ ಸವರುವ ಪ್ಲಾಸ್ಟಿಕ್ ಹಾಳೆಯ ಖರ್ಚೂ ಅಕ್ಕನಿಗೆ ನೆನಪಾಯಿತು. ಮುಖ್ಯ ವಿಷಯ ತಿಂಗಳ ಲೆಕ್ಕ. ನಕಲು ರಿಪೋರ್ಟಿನಲ್ಲಿ 12 ತಿಂಗಳೂ ಒಂದೇ ಉತ್ಪಾದನೆ. ನಮ್ಮಲ್ಲಿ ಹಪ್ಪಳಕ್ಕೆ ಬೇಕಾದ ಬಲಿತ ಕಾಯಿ ಸಿಗುವುದು ಬೇಸಿಗೆಯಲ್ಲಿ, ಜೂನ್‌ನಲ್ಲಿ ಮಳೆ ಹಿಡಿದರೆ ಒಣಗುವುದೂ ಇಲ್ಲ. ಎರಡು ತಿಂಗಳು ಮಾಡಿ ವರ್ಷವಿಡೀ ಮಾರಬೇಕು. ಅಷ್ಟೂ ದಿನ ದುಡ್ಡು ಹಪ್ಪಳದ ಡಬ್ಬದಲ್ಲಿ ಕೂತಿರುತ್ತದೆ. ಹಾಗಾಗಿ ವರ್ಕಿಂಗ್ ಕ್ಯಾಪಿಟಲ್ (ಕಾಯಿ, ಕೂಲಿಯಂಥ ಓಡಾಡುವ ಖರ್ಚಿನ ದುಡ್ಡು) ಜಾಸ್ತಿ ತೋರಿಸಿ, ಕಾರಣವನ್ನೂ ಬರೆಯಿರಿ. ಮ್ಯಾನೇಜರ್ ಬಯಲುಸೀಮೆಯವರಾದರೆ ಇದು ಅವರಿಗೆ ಹೊಳೆಯುವುದಿಲ್ಲ.

ಯಂತ್ರಗಳಲ್ಲಿ ಡ್ರೈಯರ್‌ಗೆ ಮೊದಲ ಜಾಗ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಹಪ್ಪಳ ಪ್ರೆಸ್ ಬೇಡವೇ ಬೇಡ. ನಾವು ತರಿಸಿದ್ದರಲ್ಲಿ ಹಲಸಿನ ಹಿಟ್ಟು ಮೇಲಿನ ತಟ್ಟೆಗೇ ಅಂಟಿಕೊಂಡಿತು, ಸ್ಪೂನಿನಲ್ಲಿ ಕೆರೆದು ತೆಗೆದೆವು. ಕೊಟೇಶನ್ ಮೇಲೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ.

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ನೋಂದಣಿ) ಪೂರ್ತಿ ಉಚಿತ. ಶುಲ್ಕ ಕೇಳುವ ವೆಬ್‌ಸೈಟ್ ನಕಲಿ, ಸುಮ್ನೆ ಮುಚ್ಚಿಬಿಡಿ.

ಇನ್ನು ನೀವು ಮಾಡಬಹುದಾದದ್ದು: ‘ನಮ್ಮವರೇ ಅಲ್ವಾ’ ಅಂತ ಚೌಕಾಸಿ ಮಾಡದೆ, ಮಾರ್ಚ್‌ನಲ್ಲೇ ಮುಂಗಡ ಕೊಟ್ಟು ಬರೆದ ಆರ್ಡರ್ ಕೊಡಿ. ಪೇಟೆಯ ಎರಡು ಅಂಗಡಿಯವರಿಂದಲೂ ಬರೆಸಿ ತನ್ನಿ. ಆ ಚೀಟಿಗಳನ್ನು ರಿಪೋರ್ಟಿನ ಹಿಂದೆ ಪಿನ್ ಮಾಡಿ. ಎರಡನೇ ಸಲ ಹೋದಾಗ ಮ್ಯಾನೇಜರ್ ಮೊದಲು ತಿರುವಿ ನೋಡಿದ್ದು ಅವನ್ನೇ.