ಫಾರಂ 21 ಇದ್ದರೆ ಪಟ್ಟಿಗೆ: ನಮ್ಮ ವರ್ಕ್‌ಶಾಪ್ ಗೋಡೆಯ ಹಾರ್ಸ್‌ಪವರ್ ಲೆಕ್ಕ

ಹೋದ ವರ್ಷ ಪಾಂಡವಪುರದ ಕಡೆಯ ಹುಡುಗನೊಬ್ಬ ಕ್ಲಾಸ್ ಮುಗಿದ ಮೇಲೆ ಮೊಬೈಲ್ ಹಿಡಿದುಕೊಂಡು ಬಂದ. ಅವನ ಅಣ್ಣ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ತಗೊಂಡು, ಎಂಜಿನ್‌ಗೆ ಗಾಳಿ ಒತ್ತುವ ಟರ್ಬೊ ಬದಲಾಯಿಸಿ, ಎಂಜಿನ್ ಕಂಪ್ಯೂಟರ್‌ನ ಲೆಕ್ಕ ಬದಲಿಸುವ ರೀಮ್ಯಾಪ್ ಮಾಡಿಸಿ, ಪವರ್ ಅಳೆಯುವ ಡೈನೊ ಯಂತ್ರದ ಮೇಲೆ ಓಡಿಸಿದ್ದರು. ಅದರ ಗ್ರಾಫ್ ತೋರಿಸಿದ. "ಸಾರ್, 312 ಬಂದದೆ. ಗೋಡೆ ಮೇಲಿನ ಪಟ್ಟಿಗೆ ಇದನ್ನ ಯಾಕೆ ಹಾಕಬಾರದು? ಅದರಲ್ಲಿರೋ ಆಕ್ಟೇವಿಯಾ ಬರೀ 245 ಅಲ್ವಾ?"

ನಾನು ಮಂಡ್ಯದ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಆಟೊಮೊಬೈಲ್ ವಿಭಾಗದ ಮೇಷ್ಟ್ರು. ನಮ್ಮ ವರ್ಕ್‌ಶಾಪ್‌ನಲ್ಲಿ ಟೂಲ್ ಬೋರ್ಡ್ ಪಕ್ಕ ಎರಡು ದೊಡ್ಡ ಡ್ರಾಯಿಂಗ್ ಶೀಟ್ ಅಂಟಿಸಿದ್ದೇನೆ. ಒಂದು, ಜಗತ್ತಿನಲ್ಲೇ ಜಾಸ್ತಿ ಹಾರ್ಸ್‌ಪವರ್ ಇರುವ ಪ್ರೊಡಕ್ಷನ್ ಕಾರುಗಳದ್ದು. ಇನ್ನೊಂದು, ಇಂಡಿಯಾದಲ್ಲಿ 50 ಲಕ್ಷದೊಳಗೆ ಮಾರಾಟವಾದ ಕಾರುಗಳದ್ದು, ಹ್ಯಾಚ್‌ಬ್ಯಾಕ್, ಸೆಡಾನ್, ಎಸ್‌ಯುವಿ ಅಂತ ಬೇರೆ ಬೇರೆ ಕಾಲಂ. ಎಂಜಿನ್ ಟೆಸ್ಟಿಂಗ್ ಪಾಠ ಸುಮ್ನೆ ಬೋರ್ಡ್ ಮೇಲೆ ಬರೆದರೆ ಹುಡುಗರ ತಲೆಗೆ ಹೋಗೋದಿಲ್ಲ, ಆದರೆ ಯಾವ ಕಾರು ಮೇಲೆ ಯಾವುದು ಕೆಳಗೆ ಅಂತ ಜಗಳ ಶುರುವಾದರೆ ಬ್ರೇಕ್ ಪವರ್ (ಎಂಜಿನ್ ಶಾಫ್ಟ್‌ನಲ್ಲಿ ಸಿಗುವ ಪವರ್) ಅಂದರೇನು, ಎಲ್ಲಿ ಅಳೆಯುತ್ತಾರೆ ಅಂತ ತಾವೇ ಬಂದು ಕೇಳುತ್ತಾರೆ. ಅದಕ್ಕೇ ಈ ಪಟ್ಟಿ.

ಪಟ್ಟಿ ಮಾಡೋದು ಸುಲಭ ಅಂದುಕೊಂಡಿದ್ದೆ. ಮೊದಲ ವರ್ಷ ಸಿಕ್ಕಿದ ಅಂಕಿಗಳನ್ನೆಲ್ಲ ಹಾಗೇ ಬರೆದೆ. ಮೊದಲು ಕೈ ಕೊಟ್ಟಿದ್ದು ಅಳತೆ. ಪಿಎಸ್, ಬಿಎಚ್‌ಪಿ ಎರಡನ್ನೂ ಹಾರ್ಸ್‌ಪವರ್ ಅಂತಲೇ ಕರೆಯುತ್ತಾರೆ, ಆದರೆ ಎರಡೂ ಒಂದೇ ಅಲ್ಲ. 2005ರ ಬುಗಾಟಿ ವೇರಾನ್ 1001 ಪಿಎಸ್. ಅದನ್ನೇ ಬಿಎಚ್‌ಪಿಗೆ ತಿರುಗಿಸಿದರೆ 987. ಒಂದು ಪಿಎಸ್ ಅಂದರೆ 735.5 ವಾಟ್, ಒಂದು ಬಿಎಚ್‌ಪಿ ಅಂದರೆ 745.7 ವಾಟ್, ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ. ಸಣ್ಣ ಕಾರಿನಲ್ಲಿ ಇದು ಕಾಣಿಸೋದಿಲ್ಲ. ಸಾವಿರದ ಹತ್ತಿರ ಬಂದಾಗ ಸ್ಥಾನವೇ ಬದಲಾಗುತ್ತದೆ. ಹಾಗಾಗಿ ಈಗ ಎಲ್ಲವನ್ನೂ ಕಿಲೋವಾಟ್‌ಗೆ ತಂದು, ಅಲ್ಲಿಂದ ಪಿಎಸ್‌ಗೆ ತಿರುಗಿಸಿ ಬರೆಯುತ್ತೇನೆ. ಹಳೆಯ ಅಮೆರಿಕನ್ ಕಾರುಗಳಿಗೆ ಬೇರೆ ಶೀಟ್. ಅವರು ಆಗ ಎಂಜಿನ್ನನ್ನು ಬರಿಯ ಸ್ಟ್ಯಾಂಡ್ ಮೇಲೆ, ಸೈಲೆನ್ಸರ್, ಆಲ್ಟರ್ನೇಟರ್ ಯಾವುದೂ ಇಲ್ಲದೆ ಅಳೆಯುತ್ತಿದ್ದರು, ಗ್ರಾಸ್ ಅಂತ. ಕಾರ್ವೆಟ್‌ನ ಎಲ್‌ಟಿ-1 ಎಂಜಿನ್‌ಗೆ 1971ರಲ್ಲಿ 330 ಅಂತ ಬರೆದಿದ್ದರು. 1972ರಲ್ಲಿ, ಅವನ್ನೆಲ್ಲ ಜೋಡಿಸಿಯೇ ಅಳೆಯುವ ನೆಟ್ ಲೆಕ್ಕಕ್ಕೆ ಬಂದಾಗ 255. ಎಂಜಿನ್ ಅಷ್ಟೊಂದು ಸೊರಗಿರಲಿಲ್ಲ, ಬದಲಾಗಿದ್ದು ಹೆಚ್ಚಾಗಿ ಅಳೆಯುವ ರೀತಿ.

ಇದೆಲ್ಲ ಲೆಕ್ಕದ ಮಾತು, ಕೂತರೆ ಒಂದು ಸಂಜೆಯಲ್ಲಿ ಬಗೆಹರಿಯುತ್ತದೆ. ಬಗೆಹರಿಯದೇ ನನ್ನನ್ನು ಕಾಡಿದ್ದು 'ಪ್ರೊಡಕ್ಷನ್ ಕಾರು' ಅನ್ನೋ ಎರಡು ಪದ.

ಮೊದಲು ಒಂದು ಸಂಖ್ಯೆ ಇಟ್ಟುಕೊಂಡೆ: 25 ಕಾರು ಮಾಡಿದ್ದರೆ ಪ್ರೊಡಕ್ಷನ್, ಇಲ್ಲದಿದ್ದರೆ ಇಲ್ಲ. ರೇಸಿಂಗ್ ನಿಯಮಗಳಲ್ಲಿ ಇಂಥ ಸಂಖ್ಯೆಗಳೇ ಇರುತ್ತವೆ. ಗ್ರೂಪ್ ಬಿ ರ‍್ಯಾಲಿಗೆ 200 ಕಾರು ಮಾಡಬೇಕಿತ್ತು, ಗ್ರೂಪ್ ಎಗೆ ಮೊದಮೊದಲು 5000. ಆದರೆ ಆ ಇತಿಹಾಸ ಓದುತ್ತಾ ಹೋದ ಹಾಗೆ ನನ್ನ ನಂಬಿಕೆ ಸಡಿಲವಾಯಿತು. 1969ರಲ್ಲಿ ಪೋರ್ಷೆ 917 ರೇಸಿಗೆ ಇಳಿಯಲು 25 ಕಾರು ತೋರಿಸಬೇಕಿತ್ತು. ತಪಾಸಣೆಗೆ ಬಂದವರಿಗೆ ಮೊದಲ ಸಲ ಪೂರ್ತಿಯಾಗಿ ತಯಾರಾಗಿದ್ದು ಮೂರೇ ಸಿಕ್ಕಿದ್ದು. ಆಗೋದಿಲ್ಲ ಅಂದರು. ಏಪ್ರಿಲ್‌ನಲ್ಲಿ 25 ಕಾರನ್ನೂ ಫ್ಯಾಕ್ಟರಿ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಸಂಖ್ಯೆ ಸರಿಹೋಯಿತು. ಆದರೆ ಅವು ಶುದ್ಧ ರೇಸ್ ಕಾರುಗಳು, ಹಾಲು ತರೋಕೆ ಯಾರೂ ಅದರಲ್ಲಿ ಹೋಗುವಂತಿರಲಿಲ್ಲ. ಆ ಕಡೆ ಕೋನಿಗ್‌ಸೆಗ್ ಒನ್:1 ನೋಡಿ. 2014ರದ್ದು, 1360 ಪಿಎಸ್, 1360 ಕೆಜಿ ತೂಕ, ಸರಿಯಾಗಿ ಒಂದು ಮೆಗಾವಾಟ್. ಗ್ರಾಹಕರಿಗೆ ಮಾಡಿದ್ದು ಆರೇ ಆರು. ನಂಬರ್ ಪ್ಲೇಟ್ ಹಾಕಿ ರಸ್ತೆಗೆ ಇಳಿಸಲೆಂದೇ ಮಾಡಿದ ಕಾರು. ನನ್ನ 25ರ ನಿಯಮದಲ್ಲಿ 917 ಒಳಗೆ, ಒನ್:1 ಹೊರಗೆ. ಇದು ತಪ್ಪು ಅಂತ ಮನಸ್ಸಿಗೆ ಗೊತ್ತು, ಆದರೆ ಯಾಕೆ ತಪ್ಪು ಅಂತ ಹೇಳೋಕೆ ಬರುತ್ತಿರಲಿಲ್ಲ.

ಅದನ್ನು ಬಿಡಿಸಿ ಹೇಳಿದ್ದು ಮೈಸೂರಿನಲ್ಲಿರುವ ನಮ್ಮ ಸೋದರಮಾವ. ಯಾದವಗಿರಿಯ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ಅದು 1996ರಲ್ಲಿ ಮುಚ್ಚುವವರೆಗೂ ಅಸೆಂಬ್ಲಿಯಲ್ಲಿ ಇದ್ದವರು. ದಸರಾ ರಜೆಯಲ್ಲಿ ಅವರ ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಎರಡು ಯೆಜ್ಡಿ ಬೈಕ್ ನಿಂತಿರುತ್ತವೆ, ಒಂದು ಓಡುತ್ತದೆ, ಇನ್ನೊಂದು ಬಿಡಿಭಾಗಕ್ಕೆ. ಅವತ್ತು ಓಡುವ ಗಾಡಿಯ ಸಿಲಿಂಡರ್ ಬ್ಲಾಕ್ ಬಿಚ್ಚಿ ಗೋಣಿಚೀಲದ ಮೇಲೆ ಇಟ್ಟಿದ್ದರು. ಪಿಸ್ಟನ್ ಓಡಾಡುವ ಬೋರ್ ಗೀಚಿ ಹೋಗಿತ್ತು. ನಾನು ಅಲ್ಲೇ ಮಣೆ ಮೇಲೆ ಕೂತು ನನ್ನ ಪಟ್ಟಿಯ ಕಷ್ಟ ಹೇಳುತ್ತಿದ್ದೆ. ಅವರು ಮಾತಾಡದೆ ಇನ್ನೊಂದು ಗಾಡಿಯ ಬ್ಲಾಕ್ ತಗೊಂಡು, ಹಳೇ ಗ್ಯಾಸ್ಕೆಟ್ ಕೆರೆದು, ಉಗುರಲ್ಲಿ ರಿಂಗ್ ಒತ್ತಿ ಹಿಡಿದು, ಪಿಸ್ಟನ್ ಮೇಲೆ ಮೆಲ್ಲಗೆ ಇಳಿಸಿದರು. ನಾಲ್ಕು ಸ್ಟಡ್ ಮೇಲೆ ಸರಕ್ಕನೆ ಕೂತಿತು. ಅರದಿಂದ ಉಜ್ಜಲಿಲ್ಲ, ಸುತ್ತಿಗೆ ಮುಟ್ಟಲಿಲ್ಲ.

"ಎಷ್ಟು ಮಾಡಿದರು ಅಂತ ಯಾಕೋ ಎಣಿಸ್ತೀಯ? ಈ ಗಾಡಿದು ಬಿಚ್ಚಿ ಆ ಗಾಡಿಗೆ ಹಾಕಿದರೆ ಕೂತ್ಕೋಬೇಕು. ಕೂತ್ಕೊಂಡರೆ ಫ್ಯಾಕ್ಟರಿ ಮಾಲು. ಪ್ರತಿ ಸಲ ಅರ ಹಿಡೀಬೇಕು ಅಂದರೆ ಅದು ಕೈಯಲ್ಲಿ ಮಾಡಿದ್ದು," ಅಂದರು.

ಕಾರಿನ ಇತಿಹಾಸದಲ್ಲಿ ಇದೇ ಪರೀಕ್ಷೆ ನಿಜವಾಗಿ ನಡೆದಿದೆ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿ, ಭಾಗಗಳನ್ನೆಲ್ಲ ಕಲಸಿ, ಮತ್ತೆ ಮೂರು ಕಾರು ಜೋಡಿಸಿ 500 ಮೈಲಿ ಓಡಿಸಿದರು. ಮೂರೂ ಓಡಿದವು. ಅದಕ್ಕೆ ಡ್ಯೂವರ್ ಟ್ರೋಫಿ ಕೊಟ್ಟರು. ಮಾವನಿಗೆ ಇದನ್ನು ಹೇಳಿದಾಗ ತುಂಬಾ ಖುಷಿಪಟ್ಟರು, ಮೂರಕ್ಕೆ ಮೂರೂ ಓಡಿದವಾ ಅಂತ ಎರಡು ಸಲ ಕೇಳಿದರು.

ಅಲ್ಲಿಂದ ಬಂದು ನಿಯಮ ಬದಲಾಯಿಸಿದೆ. ಕನಿಷ್ಠ ಸಂಖ್ಯೆ ತೆಗೆದು ಹಾಕಿದೆ. ಒಂದೇ ಡ್ರಾಯಿಂಗ್‌ಗೆ, ಒಂದೇ ಪಾರ್ಟ್ ನಂಬರಿಗೆ ಮಾಡಿದ ಇನ್ನೊಂದು ಕಾರು ಇರಬೇಕು. ಮತ್ತೆ ರಸ್ತೆಗೆ ನೋಂದಣಿ ಆಗುವ ಹಾಗೆ ಕಂಪನಿಯೇ ಮಾರಿರಬೇಕು. ಎಷ್ಟು ಮಾಡಿದ್ದಾರೆ ಅನ್ನೋದಕ್ಕೆ ಪಕ್ಕದಲ್ಲಿ ಒಂದು ಕಾಲಂ ಹಾಕಿದೆ, ಬುಗಾಟಿ ಚಿರೋನ್ 500, ರಿಮಾಕ್ ನೆವೆರಾ 150 ಅಂತ. ಹುಡುಗರು ಅದನ್ನು ನೋಡಿ ತಾವೇ ತೂಗಲಿ. ಒನ್:1 ಒಳಗೆ ಬಂತು, ಪಕ್ಕದಲ್ಲಿ 6 ಅಂತ ಬರೆದೆ. 2019ರಲ್ಲಿ ಬುಗಾಟಿಯವರು ಒಬ್ಬರಿಗೋಸ್ಕರ ಮಾಡಿದ ಲಾ ವಾತ್ಯೂರ್ ನ್ವಾರ್ ಇದೆಯಲ್ಲ, ಅದು ಹೊರಗೆ. ಎಂಜಿನ್ ಚಿರೋನ್‌ದೇ ಇರಬಹುದು, ಆದರೆ ಕಾರು ಒಂದೇ ಒಂದು. ತೋರಿಸಿ ಇನ್ನೂ ಯಾರಿಗೂ ಕೊಡದ ಕಾರುಗಳನ್ನು ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. 2019ರಲ್ಲಿ ತೋರಿಸಿದ ಲೋಟಸ್ ಎವೈಯಾ ವರ್ಷಗಟ್ಟಲೆ ಪೆನ್ಸಿಲ್‌ನಲ್ಲೇ ಇತ್ತು.

ಇಂಡಿಯಾ ಪಟ್ಟಿಗೆ ಇನ್ನೂ ಸುಲಭದ ಪರೀಕ್ಷೆ ಸಿಕ್ಕಿತು. ಹೊಸ ಗಾಡಿ ತಗೊಂಡವರಿಗೆಲ್ಲ ಗೊತ್ತಿರುತ್ತದೆ, ಆರ್‌ಟಿಒಗೆ ನೋಂದಣಿ ಅರ್ಜಿ ಫಾರಂ 20 ಜೊತೆ ಎರಡು ಕಾಗದ ಹೋಗಬೇಕು. ಫಾರಂ 21 ಮಾರಾಟದ ಸರ್ಟಿಫಿಕೇಟ್. ಫಾರಂ 22, ಈ ಗಾಡಿ ನಿಯಮದ ಪ್ರಕಾರ ರಸ್ತೆಗೆ ಯೋಗ್ಯ ಅಂತ ತಯಾರಕರು ಕೊಡುವ ಕಾಗದ. ಈ ಎರಡೂ ಇದ್ದು, ಪಟ್ಟಿಯ ಅಂಕಿ ಆ ಕಾಗದದ ಕಾರಿನದೇ ಆಗಿದ್ದರೆ ಒಳಗೆ. ಇದು ಹುಡುಗರಿಗೆ ಥಟ್ ಅಂತ ಅರ್ಥವಾಗುತ್ತದೆ, ಯಾಕೆಂದರೆ ಮನೆಯ ಬೀರುವಿನಲ್ಲಿ ಅಪ್ಪನ ಗಾಡಿಯ ಕಾಗದ ನೋಡಿರುತ್ತಾರೆ.

ಟಾಟಾ ಟಿಯಾಗೊ ಜೆಟಿಪಿ ಇದಕ್ಕೆ ಒಳ್ಳೆಯ ಉದಾಹರಣೆ. ಆಗಿನ ಮಾಮೂಲಿ ಟಿಯಾಗೊ ಪೆಟ್ರೋಲ್ 85 ಪಿಎಸ್. 2018ರಲ್ಲಿ ಕೊಯಮತ್ತೂರಿನ ಜಯೆಮ್ ಕಂಪನಿ ಜೊತೆ ಸೇರಿ ಟರ್ಬೊ ಎಂಜಿನ್ ಹಾಕಿ 114 ಪಿಎಸ್ ಮಾಡಿದರು. ಇದೂ ಟ್ಯೂನಿಂಗೇ ಅಲ್ವಾ ಅಂತ ಹುಡುಗರು ಕೇಳುತ್ತಾರೆ. ಹೌದು, ಆದರೆ ಶೋರೂಮಿನಲ್ಲಿ ಬಿಲ್ ಹಾಕಿ, ವಾರಂಟಿ ಕೊಟ್ಟು, ಟೆಸ್ಟ್ ಪಾಸಾಗಿ ಬಂದ ಟ್ಯೂನಿಂಗ್. ಅದರ ಟರ್ಬೊ ಕೆಟ್ಟರೆ ಪಾರ್ಟ್ ನಂಬರ್ ಹೇಳಿ ತರಿಸಬಹುದಿತ್ತು. ಆಕ್ಟೇವಿಯಾ ವಿಆರ್‌ಎಸ್ 245 ಕೂಡ ಹಾಗೇ. 2020ರಲ್ಲಿ ಇಡೀ ದೇಶಕ್ಕೆ 200 ಕಾರು ಬಂತು, ಪೂರ್ತಿ ತಯಾರಾಗಿಯೇ ಹಡಗಿನಲ್ಲಿ ಬಂದಿದ್ದು. ಕಡಿಮೆ ಬಂತು ಅಂತ ತೆಗೆಯಲಿಲ್ಲ.

ಇಷ್ಟಾದ ಮೇಲೆ ಇಂಧನದ ಪ್ರಶ್ನೆ ಬಂತು, ಅದು ಬಂದಿದ್ದು ನಮ್ಮ ಊರಿನ ಕಾರಣದಿಂದಲೇ. ಕೋನಿಗ್‌ಸೆಗ್ ಜೆಸ್ಕೊ ಮಾಮೂಲಿ ಪೆಟ್ರೋಲ್‌ಗೆ 1280 ಹಾರ್ಸ್‌ಪವರ್, ಇ85ಗೆ (ನೂರಕ್ಕೆ ಸುಮಾರು 85 ಪಾಲು ಎಥನಾಲ್ ಇರುವ ಇಂಧನ) 1600. ಡಾಡ್ಜ್ ಡೀಮನ್ 170ರ 1025 ಕೂಡ ಇ85 ಹಾಕಿದಾಗಿನ ಅಂಕಿ. ಇ85 ಅಂಕಿ ಲೆಕ್ಕಕ್ಕೆ ಬೇಡ ಅಂದೆ. "ಎಥನಾಲ್ ಅಂದರೆ ನಮ್ಮ ಕಬ್ಬಿಂದಲೇ ತಾನೇ ಸಾರ್ ಬರೋದು, ಮತ್ಯಾಕೆ ಅದು ಲೆಕ್ಕಕ್ಕಿಲ್ಲ?" ಅಂತ ಮದ್ದೂರಿನ ಹುಡುಗಿಯೊಬ್ಬಳು ಎದ್ದು ಕೇಳಿದಳು. ಆಲೆಮನೆ ನೋಡಿ ಬೆಳೆದ ಮಕ್ಕಳು, ಬಿಟ್ಟುಕೊಡೋದಿಲ್ಲ. ಅವತ್ತಿನ ಪೂರ್ತಿ ಕ್ಲಾಸ್ ಇದಕ್ಕೇ ಹೋಯಿತು. ಎಥನಾಲ್‌ನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲ್‌ಗಿಂತ ಕಮ್ಮಿ. ಆದರೆ ಅದರ ಆಕ್ಟೇನ್ ಜಾಸ್ತಿ, ಆವಿಯಾಗುವಾಗ ಒಳಗೆ ಹೋಗುವ ಗಾಳಿಯನ್ನು ಚೆನ್ನಾಗಿ ತಣ್ಣಗೆ ಮಾಡುತ್ತದೆ. ಎಂಜಿನ್ ಸುಲಭವಾಗಿ ನಾಕ್ ಆಗೋದಿಲ್ಲ, ಅಂದರೆ ಒಳಗೆ ಇಂಧನ ತಾನಾಗೇ ಸಿಡಿಯೋದಿಲ್ಲ, ಹಾಗಾಗಿ ಬೂಸ್ಟ್ (ಟರ್ಬೊ ಗಾಳಿ ತುಂಬುವ ಒತ್ತಡ) ಏರಿಸಬಹುದು. ಇಂಧನ ಜಾಸ್ತಿ ಸುರಿದು ಪವರ್ ತೆಗೆಯುತ್ತಾರೆ. ಕೊನೆಗೆ ತೀರ್ಮಾನ ಮಾಡಿದ್ದು ಹೀಗೆ: ಸ್ಥಾನ ನಿರ್ಧಾರವಾಗೋದು ಮಾಮೂಲಿ ಬಂಕಿನ ಪೆಟ್ರೋಲ್ ಅಂಕಿಯಿಂದ, ಇ85 ಅಂಕಿ ಅದರ ಕೆಳಗೆ ಹಸಿರು ಪೆನ್ನಿನಲ್ಲಿ. ಆ ಹುಡುಗಿಗೆ ಇದು ಒಪ್ಪಿಗೆಯಾಗಲಿಲ್ಲ. ಕಂಪನಿಯೇ ಹೇಳಿರೋ ಇಂಧನ ಅಲ್ವಾ ಸಾರ್ ಅಂದಳು. ಅವಳ ಮಾತಿನಲ್ಲೂ ನ್ಯಾಯ ಇದೆ.

ಎಲೆಕ್ಟ್ರಿಕ್ ಕಾರುಗಳದ್ದು ಬೇರೆ ಕಥೆ. ಮೋಟಾರುಗಳ ಪವರ್ ಕೂಡಿಸಿ ಬರೆದರೆ ತಪ್ಪಾಗಬಹುದು, ಬ್ಯಾಟರಿ ಅಷ್ಟು ಕೊಡಬೇಕಲ್ಲ. ಟೆಸ್ಲಾ ಪಿ85ಡಿಗೆ ಮೊದಲು 691 ಅಂತ ಇತ್ತು, ಅದು ಎರಡು ಮೋಟಾರಿನ ಮೊತ್ತ. ಬ್ಯಾಟರಿ ಕೊಡಬಲ್ಲ ಮಟ್ಟಿಗೆ ನೋಡಿದರೆ 463. ಅದಕ್ಕೆ ಕಾರಿನ ಒಟ್ಟು ಅಂಕಿ ಸಿಕ್ಕಿದರೆ ಮಾತ್ರ ಬರೆಯುತ್ತೇನೆ. ಹಾಗೆ ನೋಡಿದರೂ ಮೇಲಿನ ಸಾಲುಗಳಲ್ಲಿ ಎಲೆಕ್ಟ್ರಿಕ್ಕೇ, ನೆವೆರಾ 1914 ಪಿಎಸ್. ನಮ್ಮ ಇಂಡಿಯಾ ಶೀಟಿನ ಎಸ್‌ಯುವಿ ಕಾಲಂನಲ್ಲೂ ಮಹೀಂದ್ರಾ ಎಕ್ಸ್‌ಇವಿ 9ಇ 286 ಪಿಎಸ್‌ನೊಂದಿಗೆ ಬಂದು ಕೂತಿದೆ, ಅದೇ ಕಂಪನಿಯ ಎಕ್ಸ್‌ಯುವಿ 700 ಪೆಟ್ರೋಲ್ 200.

ಪಾಂಡವಪುರದ ಹುಡುಗನಿಗೆ ಇದನ್ನೆಲ್ಲ ಕೂರಿಸಿಕೊಂಡು ಹೇಳಿದೆ. ಅವರಣ್ಣನ ಕಾರಿನ ಫಾರಂ 22 ಹೇಳೋದು ಬೇರೆ ಎಂಜಿನ್‌ನ ಕಥೆ, ಈಗ ಅದರೊಳಗೆ ಇರೋದು ಬೇರೆ. ಮತ್ತೆ ಆ 312 ಕೂಡ ನೇರವಾಗಿ ಅಳೆದಿದ್ದಲ್ಲ. ರೋಲರ್ ಮೇಲೆ ಓಡಿಸಿದಾಗ ಸಿಗೋದು ಚಕ್ರದ ಪವರ್. ಗೇರ್‌ಬಾಕ್ಸ್‌ನಲ್ಲಿ ಇಷ್ಟು ಸೋರಿತು ಅಂತ ಲೆಕ್ಕ ಹಾಕಿ ಎಂಜಿನ್ ಅಂಕಿ ಕೊಡುತ್ತಾರೆ. ಗ್ರಾಫ್ ದೊಡ್ಡದು ಮಾಡಿ ನೋಡಿದೆವು, ಕೆಳಗೆ ಸಣ್ಣಕ್ಷರದಲ್ಲಿ ಚಕ್ರದ ಅಂಕಿ 268 ಅಂತ ಇತ್ತು. ಹುಡುಗನ ಮುಖ ಚಿಕ್ಕದಾಯಿತು.

ನನಗೆ ಬೇಜಾರಾಯಿತು. ಅಣ್ಣ ಮಾಡಿದ್ದು ಸಣ್ಣ ಕೆಲಸ ಅಲ್ಲ, ಒಬ್ಬ ಮೆಕ್ಯಾನಿಕ್ ಪಕ್ಕ ಕೂತು ತಿಂಗಳುಗಟ್ಟಲೆ ಮಾಡಿಸಿದ್ದಾರೆ. ಅದಕ್ಕೂ ಒಂದು ಜಾಗ ಬೇಕು ಅನ್ನಿಸಿತು. ಬೀರುವಿನಿಂದ ಹೊಸ ಶೀಟ್ ತೆಗೆದೆ. ಮೇಲೆ 'ಕೈಯಲ್ಲಿ ಮಾಡಿದ್ದು' ಅಂತ ದೊಡ್ಡದಾಗಿ ಬರೆದು ಗೆರೆ ಎಳೆದೆ: ಚಕ್ರದ ಪವರ್, ಯಾವ ತಾರೀಕು, ಯಾವ ಇಂಧನ, ಏನೇನು ಬದಲಾಯಿಸಿದ್ದು. ಪೆನ್ ಅವನ ಕೈಗೆ ಕೊಟ್ಟೆ. 268 ಅಂತ ಬರೆದ, ತಾರೀಕು ಬರೆದ, ಮೂರನೇ ಕಾಲಂಗೆ ಬಂದು ನಿಂತ. ಆಮೇಲೆ ಅಲ್ಲೇ ಕಿಟಕಿ ಹತ್ತಿರ ಹೋಗಿ ಫೋನ್ ಮಾಡಿದ. "ಅಣ್ಣ, ಅವತ್ತು ಡೈನೊ ಮೇಲೆ ಹತ್ತಿಸೋಕೆ ಮುಂಚೆ ಯಾವ ಪೆಟ್ರೋಲ್ ಹಾಕ್ಸಿದ್ದೆ?"