ಟಿಚ್ ಬಟನ್ ಆರಿಸುವ ಮೊದಲು ಬಟ್ಟೆ ನೋಡಿ

ಕಿತ್ತುಬಂದ ಟಿಚ್ ಬಟನ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ಗಂಡು, ಹೆಣ್ಣು ಎರಡೂ ಭಾಗ ಒಂದನ್ನೊಂದು ಬಿಗಿಯಾಗಿ ಕಚ್ಚಿಕೊಂಡೇ ಇರುತ್ತವೆ. ಅಂಚಿನಲ್ಲಿ ಹರಿದ ಬಟ್ಟೆಯ ಚೂರು ಉಂಗುರದಂತೆ ಅಂಟಿಕೊಂಡಿರುತ್ತದೆ. ಬಟನ್ ಬಲವಾಗಿತ್ತು, ಬಟ್ಟೆ ತಡೆಯಲಿಲ್ಲ. ಆಯ್ಕೆಯ ಲೆಕ್ಕವೆಲ್ಲ ಇಷ್ಟೇ: ಎಳೆದಾಗ ಬಟ್ಟೆ ಹರಿಯುವ ಮೊದಲು ಬಟನ್ ಬಿಚ್ಚಿಕೊಳ್ಳಬೇಕು.

ಯಾವ ಬಟ್ಟೆಗೆ ಯಾವುದು

ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಕ್ಕೆ ಎಳೆಯಿರಿ. ಟೀ ಶರ್ಟಿನಂತೆ ಹಿಗ್ಗಿದರೆ ಅದಕ್ಕೆ ಪ್ರಾಂಗ್ ಬಟನ್ ಬೇಕು. ಇದರ ಉಂಗುರದಲ್ಲಿ ಸಾಮಾನ್ಯವಾಗಿ ಐದು ಹಲ್ಲುಗಳಿರುತ್ತವೆ. ಅವು ದಾರವನ್ನು ಕತ್ತರಿಸದೆ ನಡುವೆ ನುಸುಳಿ, ಆಚೆ ಬದಿಯ ಭಾಗದೊಳಗೆ ಮಡಚಿಕೊಂಡು ಕೂರುತ್ತವೆ. ತೂತು ಮಾಡುವ ಕೆಲಸವಿಲ್ಲ. ಹಿಗ್ಗುವ ಬಟ್ಟೆಗೆ ಮೊಳೆಯ ಬಟನ್, ಅಂದರೆ ತೂತು ಮಾಡಿ ಮೊಳೆ ತೂರಿಸಿ ಕೂರಿಸುವ ಬಟನ್ ಹಾಕಿದರೆ ಮಾಡಿದ ತೂತು ಪ್ರತಿ ಎಳೆತಕ್ಕೂ ದೊಡ್ಡದಾಗುತ್ತಾ ಹೋಗಿ, ಕೊನೆಗೊಂದು ದಿನ ಬಟನ್ ಪೂರ್ತಿ ಹೊರಗೆ ಬರುತ್ತದೆ.

ಹಿಗ್ಗದ ದಪ್ಪ ಬಟ್ಟೆ, ಅಂದರೆ ಡೆನಿಮ್, ಕ್ಯಾನ್ವಾಸ್, ರೆಕ್ಸಿನ್, ಚರ್ಮ ಇವಕ್ಕೆ ಮೊಳೆಯ ಬಟನ್ನೇ ಸರಿ. ಇದರಲ್ಲಿ ನಾಲ್ಕು ಭಾಗ: ಮೊಳೆಯಿರುವ ಟೊಪ್ಪಿ, ಅದಕ್ಕೆ ಸೇರುವ ಹೆಣ್ಣು, ಉಬ್ಬಿರುವ ಗಂಡು, ಅದನ್ನು ಹಿಂದಿನಿಂದ ಹಿಡಿಯುವ ಇನ್ನೊಂದು ಮೊಳೆ. ಕೊಳ್ಳುವಾಗ ಹೆಣ್ಣಿನ ಒಳಗೆ ಇಣುಕಿ ನೋಡಿ. ಅಕ್ಕಪಕ್ಕ ಎರಡು ತಂತಿ ಕಂಡರೆ ಅದು ಎಸ್ ಸ್ಪ್ರಿಂಗ್, ಬಿಚ್ಚುವುದು ಸುಲಭ. ಜಾಕೆಟ್, ಪರ್ಸಿಗೆ ಒಪ್ಪುತ್ತದೆ. ಸುತ್ತಲೂ ತಂತಿಯ ಬಳೆ ಕಂಡರೆ ರಿಂಗ್ ಸ್ಪ್ರಿಂಗ್, ಹಿಡಿತ ಗಟ್ಟಿ. ಟಾರ್ಪಾಲಿನ್, ಭಾರದ ಚೀಲಕ್ಕೆ ಹೇಳಿ ಮಾಡಿಸಿದ್ದು. ತೆಳು ಅಂಗಿಗೆ ರಿಂಗ್ ಸ್ಪ್ರಿಂಗ್ ಹಾಕಿದರೆ ಮೇಲೆ ಹೇಳಿದ ಹರಿದ ಉಂಗುರ ಗ್ಯಾರಂಟಿ.

ರೇಷ್ಮೆ, ಶಿಫಾನ್‌ಗೆ ಸೂಜಿದಾರದಲ್ಲಿ ಹೊಲಿಯುವ ಬಟನ್ ಬಿಟ್ಟರೆ ಬೇರೆ ಯಾವುದೂ ಬೇಡ. ಮ್ಯಾಗ್ನೆಟ್ ಬಟನ್ ಕೈಚೀಲಕ್ಕೆ ಚೆಂದ, ಆದರೆ ಹಿಂದೆ ಚರ್ಮದ ಅಥವಾ ಫೆಲ್ಟಿನ ತುಂಡು ಕೊಡಲೇಬೇಕು. ಪೇಸ್‌ಮೇಕರ್ ಇರುವವರ ಎದೆಯ ಹತ್ತಿರ ಬರುವ ಉಡುಪಿಗೆ ಅದನ್ನು ಬಳಸಬೇಡಿ.

ಲೋಹವೋ ಪ್ಲಾಸ್ಟಿಕ್ಕೋ

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ. ಬಟನ್ ಅಂಟಿಕೊಂಡರೆ ಒಳಗೆ ಉಕ್ಕಿದೆ ಎಂದೇ ಲೆಕ್ಕ. ಲೇಪ ಸವೆದ ಮೇಲೆ ಒಗೆದಾಗಲೆಲ್ಲ ತುಕ್ಕಿನ ಕಂದು ಕಲೆ ಬಿಡುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಹಿತ್ತಾಳೆಗೆ ಈ ಕಾಟವಿಲ್ಲ. ಹಿತ್ತಾಳೆಯ ಮೇಲೂ ನಿಕ್ಕಲ್ ಲೇಪ ಇರಬಹುದು. ನಿಕ್ಕಲ್‌ಗೆ ಚರ್ಮ ಕೆಂಪಾಗುವವರಿಗೆ ಪ್ಲಾಸ್ಟಿಕ್ ಬಟನ್ ಕೊಡಿ. ಪ್ಲಾಸ್ಟಿಕ್ ಬಟನ್ ತುಕ್ಕು ಹಿಡಿಯುವುದಿಲ್ಲ, ಹಗುರ, ಕೂಸಿನ ಬಟ್ಟೆಗೆ ಹಿತ. ಇಸ್ತ್ರಿ ಪೆಟ್ಟಿಗೆ ಮಾತ್ರ ಅದರ ಶತ್ರು. ಸಾಮಾನ್ಯವಾಗಿ ಇವನ್ನು ಮಾಡುವ ಪ್ಲಾಸ್ಟಿಕ್ 170 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ. ಹತ್ತಿ ಬಟ್ಟೆಗೆ ಇಡುವ ಬಿಸಿ 200ರ ಹತ್ತಿರ ಇರುತ್ತದೆ.

ಅಳತೆ: ಅಗಲಕ್ಕಿಂತ ಉದ್ದ ಮುಖ್ಯ

ಬಟನ್ ಅಗಲವನ್ನು ಲೈನ್ ಲೆಕ್ಕದಲ್ಲಿ ಹೇಳುತ್ತಾರೆ. 40 ಲೈನ್ ಅಂದರೆ ಒಂದು ಇಂಚು. ಹಾಗಾಗಿ 16 ಲೈನ್ ಸುಮಾರು 10 ಮಿ.ಮೀ., 20 ಲೈನ್ 12.7 ಮಿ.ಮೀ., 24 ಲೈನ್ ಸುಮಾರು 15 ಮಿ.ಮೀ. ಅಂಗಿ, ಮಕ್ಕಳ ಉಡುಪಿಗೆ 16, ಜಾಕೆಟ್ಟಿಗೆ 24 ಸಾಕು. ಒಂದು ಕಂಪನಿಯ ಗಂಡಿಗೆ ಇನ್ನೊಂದು ಕಂಪನಿಯ ಹೆಣ್ಣು ಜೋಡಿಸಬೇಡಿ. ನಂಬರ್ ಒಂದೇ ಇದ್ದರೂ ಹಿಡಿತ ಹೊಂದದೇ ಇರಬಹುದು. ಬಟನ್ ಕೂರಿಸುವ ಅಚ್ಚಿಗೂ, ಅಂದರೆ ಡೈಗೂ ಇದೇ ಮಾತು.

ಹೆಚ್ಚಿನವರು ತಪ್ಪುವುದು ಮೊಳೆಯ ಉದ್ದದಲ್ಲಿ. ಬಟನ್ ಬರುವ ಜಾಗದಲ್ಲಿ ಮಡಿಕೆ, ಒಳಪಟ್ಟಿ, ಬಕ್ರಂ (ಒಳಗೆ ಕೊಡುವ ಬಿರುಸು ಬಟ್ಟೆ) ಎಲ್ಲ ಸೇರಿಸಿ ಒತ್ತಿ ಹಿಡಿದು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಲೋಹದ ಮೊಳೆಯನ್ನು ತೂರಿಸಿದಾಗ ಬಟ್ಟೆಯ ಮೇಲೆ ಸುಮಾರು 3 ಮಿ.ಮೀ. ಕಾಣಬೇಕು. ಮೊಳೆ ಗಿಡ್ಡವಾದರೆ ತುದಿ ಹೊರಳುವುದೇ ಇಲ್ಲ, ಬಟನ್ ಎರಡು ದಿನಕ್ಕೆ ಉದುರುತ್ತದೆ. ಉದ್ದವಾದರೆ ಸುತ್ತಿಗೆಯ ಏಟಿಗೆ ಒಂದು ಪಕ್ಕಕ್ಕೆ ವಾಲುತ್ತದೆ, ಬಟನ್ ಓರೆಯಾಗಿ ಕೂರುತ್ತದೆ. ಸರಿಯಾಗಿ ಕೂತ ಮೊಳೆಯ ತುದಿ ಸುತ್ತಲೂ ಒಂದೇ ಸಮ ಹೊರಳಿ, ನುಣ್ಣನೆಯ ಪುಟ್ಟ ಬಳೆಯಂತಿರುತ್ತದೆ. ಹೂವಿನ ಎಸಳಿನಂತೆ ಸೀಳಿದ್ದರೆ ಏಟು ಜಾಸ್ತಿಯಾಗಿದೆ ಅಥವಾ ಡೈ ತಪ್ಪಾಗಿದೆ.

ಬಟ್ಟೆ ತೀರಾ ತೆಳುವಾದರೆ ಹಲ್ಲು ಕಚ್ಚಲು ಏನೂ ಸಿಗದೆ ಬಟನ್ ಬೆರಳಿಗೆ ಗರಗರ ತಿರುಗುತ್ತದೆ. ಒಳಗೆ ಫ್ಯೂಸಿಂಗ್ (ಇಸ್ತ್ರಿಯ ಬಿಸಿಗೆ ಅಂಟುವ ಒಳಬಟ್ಟೆ) ಅಂಟಿಸಿ, ಇಲ್ಲವೇ ಅದೇ ಬಟ್ಟೆಯ ಇನ್ನೊಂದು ಪದರ ಕೊಡಿ.

ಕೂರಿಸುವ ಕ್ರಮ

1. ಉಡುಪನ್ನು ತೊಟ್ಟಾಗ ಇರುವಂತೆ ಎರಡೂ ಅಂಚು ಮೇಲೆ ಕೆಳಗೆ ಜೋಡಿಸಿ, ಗುಂಡುಸೂಜಿಯನ್ನು ಎರಡರಲ್ಲೂ ನೇರ ಇಳಿಸಿ ಗುರುತು ಹಾಕಿ. ಗೆರೆ ಎಳೆದು ಅಂದಾಜು ಮಾಡಿದರೆ ಕೊನೆಯ ಬಟನ್ ಹೊತ್ತಿಗೆ ಅರ್ಧ ಸೆಂ.ಮೀ. ತಪ್ಪಿರುತ್ತದೆ.

2. ಮೊಳೆಯ ಬಟನ್ ಆದರೆ ತೂತು ಮೊಳೆಯಷ್ಟೇ ಇರಲಿ, ಬಿಗಿಯಾಗಿ ತೂರಲಿ. ನೇಯ್ದ ಬಟ್ಟೆಯಲ್ಲಿ ಕತ್ತರಿ ಆಡಿಸುವುದಕ್ಕಿಂತ ದಬ್ಬಳದಿಂದ ಎಳೆ ಸರಿಸಿದರೆ ತೂತು ಗಟ್ಟಿ.

3. ಮೇಲಿನ ಅಂಚಿಗೆ ಟೊಪ್ಪಿ ಮತ್ತು ಹೆಣ್ಣು, ಕೆಳಗಿನ ಅಂಚಿಗೆ ಗಂಡು. ಒಂದೊಂದು ಸಲ ಒತ್ತುವ ಮುನ್ನ ಎರಡೂ ಬಾಯಿ ಎದುರುಬದುರು ಇವೆಯೇ ನೋಡಿ. ತಲೆಕೆಳಗಾಗಿ ಕೂರಿಸದ ದರ್ಜಿ ಯಾರೂ ಇರಲಿಕ್ಕಿಲ್ಲ.

4. ಸುತ್ತಿಗೆಯಾದರೆ ಡೈಯನ್ನು ನೆಟ್ಟಗೆ ಹಿಡಿದು, ಕೆಳಗೆ ಕಲ್ಲು ಅಥವಾ ಉಕ್ಕಿನ ಹಾಸು ಇಟ್ಟು ಎರಡು ಮೂರು ಸಣ್ಣ ಏಟು. ಮೇಜಿನ ಮೇಲೆ ಹೊಡೆದರೆ ಏಟಿನ ಅರ್ಧ ಮೇಜಿಗೇ ಹೋಗುತ್ತದೆ. ಹ್ಯಾಂಡ್ ಪ್ರೆಸ್ ಇದ್ದರೆ ಈ ತಾಪತ್ರಯವಿಲ್ಲ.

ಹೊಲಿಯುವ ಬಟನ್‌ನಲ್ಲಿ ಕ್ರಮ ಉಲ್ಟಾ. ತೆಳುವಾದ ಗಂಡು ಭಾಗ ಮೇಲಿನ ಅಂಚಿನ ಒಳಬದಿಗೆ, ಹೆಣ್ಣು ಕೆಳಗೆ. ಮೊದಲು ಗಂಡನ್ನು ಹೊಲಿದು, ಅದರ ತುದಿಗೆ ಸೀಮೆಸುಣ್ಣ ಸವರಿ, ಕೆಳಗಿನ ಬಟ್ಟೆಗೆ ಒತ್ತಿ. ಬಿದ್ದ ಚುಕ್ಕಿಯೇ ಹೆಣ್ಣಿನ ನಡುಬಿಂದು. ಒಂದೊಂದು ತೂತಿಗೆ ಮೂರು ನಾಲ್ಕು ಹೊಲಿಗೆ. ದಾರ ಒಳಪದರವನ್ನಷ್ಟೇ ಹಿಡಿಯಲಿ, ಹೊರಗೆ ಕಾಣಬಾರದು.

ಪರೀಕ್ಷೆ

ಮೊದಲ ಬಟನ್ ಉಡುಪಿನ ಮೇಲೆ ಬೇಡ. ಅದೇ ಬಟ್ಟೆಯ ಅಷ್ಟೇ ಪದರದ ತುಂಡಿಗೆ ಹಾಕಿ, 20 ಸಲ ತೆಗೆದು ಹಾಕಿ, ಬೆರಳಲ್ಲಿ ತಿರುಗಿಸಿ ನೋಡಿ. ಮಕ್ಕಳ ಉಡುಪಾದರೆ ಇನ್ನೂ ಕಟ್ಟುನಿಟ್ಟು ಬೇಕು, ಕಿತ್ತ ಬಟನ್ ನೇರ ಬಾಯಿಗೇ ಹೋಗುತ್ತದೆ. ಯುರೋಪಿನ ಆಟಿಕೆ ಮಾನದಂಡ ಇಎನ್ 71ರಲ್ಲಿ 6 ಮಿ.ಮೀ.ಗಿಂತ ದೊಡ್ಡ ಭಾಗಗಳನ್ನು 90 ನ್ಯೂಟನ್, ಅಂದರೆ ಸುಮಾರು 9 ಕಿಲೋ ಬಲದಲ್ಲಿ ಎಳೆದು 10 ಸೆಕೆಂಡ್ ಹಿಡಿಯುತ್ತಾರೆ. ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿಯನ್ನು ಬಟನ್‌ನ ಒಂದು ಭಾಗಕ್ಕೆ ಸಿಕ್ಕಿಸಿ ಇದನ್ನು ಮನೆಯಲ್ಲೇ ಅಂದಾಜಿಗೆ ನೋಡಬಹುದು.

ತಪ್ಪಿ ಕೂತ ಬಟನ್ ತೆಗೆಯುವಾಗ ಎಳೆಯಬೇಡಿ. ಹೆಣ್ಣಿನ ಅಂಚನ್ನು ಇಕ್ಕಳದಲ್ಲಿ ಎರಡು ಪಕ್ಕದಿಂದ ಅದುಮಿದರೆ ಹೊರಳಿದ ಮೊಳೆ ಸಡಿಲವಾಗಿ ಬಿಟ್ಟುಕೊಡುತ್ತದೆ. ಉಳಿದ ತೂತು ಹಿಗ್ಗಿದ್ದರೆ ಹಿಂದೆ ತೇಪೆ ಕೊಟ್ಟ ಮೇಲೆಯೇ ಹೊಸ ಬಟನ್ ಹಾಕಿ.